ಹೆದ್ದಾರಿಯಲ್ಲಿ ಮೊದಲು ಗಾಡಿ ಅಡ್ಡ, ಆಮೇಲೆ ಕಟರ್

ತುಮಕೂರು, ಶಿರಾ, ಹಿರಿಯೂರು ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಂಥ ರಸ್ತೆಯಲ್ಲಿ ಅಪಘಾತದ ಕರೆಗೆ ಹೋಗುವ ಅಗ್ನಿಶಾಮಕ ಸಿಬ್ಬಂದಿಗೆ ಬೆಂಕಿಗಿಂತ ದೊಡ್ಡ ಅಪಾಯ ಬೆನ್ನ ಹಿಂದಿನಿಂದ ಬರುವ ವಾಹನ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಚಾಲಕ ನಮ್ಮನ್ನು ಕಂಡು ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಗಾಡಿ 50 ಮೀಟರ್ ಮುಂದೆ ಬಂದಿರುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ, ಪೂರ್ತಿ ನಿಲ್ಲಲು ಬೇಕಾದ ದೂರ 80ರ ವೇಗಕ್ಕೆ 120 ಮೀಟರ್, 100ರ ವೇಗಕ್ಕೆ 180 ಮೀಟರ್. ಅದೂ ಚಾಲಕ ಎಚ್ಚರವಿದ್ದು, ಬ್ರೇಕ್ ಸರಿಯಿದ್ದರೆ. ಬೆಳಗಿನ ಜಾವ ಮೂರು ಗಂಟೆಗೆ ತೂಕಡಿಸುತ್ತ ಬರುವ ಓವರ್‌ಲೋಡ್ ಲಾರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಹಾಗಾಗಿ ನಮ್ಮ ಕೆಲಸ, ಸಿಲುಕಿದವರನ್ನು ಬಿಡಿಸಲು ವಾಹನದ ಲೋಹ ಕತ್ತರಿಸುವ ಕಟರ್ ಇಳಿಸುವುದರಿಂದ ಶುರುವಾಗುವುದಿಲ್ಲ. ಗಾಡಿ ಎಲ್ಲಿ ನಿಲ್ಲಿಸುತ್ತೇವೆ ಎಂಬುದರಿಂದ ಶುರುವಾಗುತ್ತದೆ.

ಅದಕ್ಕೂ ಮುಂಚೆ, 112ರಿಂದಲೋ ನೇರವಾಗಿಯೋ ಕರೆ ಬಂದಾಗ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಯಾವ ಬದಿ? ಬೆಂಗಳೂರಿನಿಂದ ಹೋಗುವ ಬದಿಯೋ, ಬೆಂಗಳೂರಿಗೆ ಬರುವ ಬದಿಯೋ? ಇದನ್ನು ಕೇಳದೆ ಹೊರಟರೆ ಡಿವೈಡರ್‌ನ ಆಚೆ ಬದಿಗೆ ಬಂದು ನಿಂತು, ಹೋಸ್ ಹಿಡಿದು ರಸ್ತೆ ದಾಟುವ ಆಸೆ ಹುಟ್ಟುತ್ತದೆ. ದಾಟಬಾರದು. ಮುಂದಿನ ತಿರುವಿನವರೆಗೆ ಹೋಗಿ ತಿರುಗಿಸಿಕೊಂಡು, ಸಂಚಾರದ ದಿಕ್ಕಿನಲ್ಲೇ ಬರಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೇಕೆಂದಲ್ಲಿ ತಿರುಗಿಸಲು ಜಾಗವೇ ಇಲ್ಲ; ಅಲ್ಲಿ ಬದಿ ತಪ್ಪಿದರೆ ಮುಂದಿನ ನಿರ್ಗಮನದವರೆಗೂ ಹೋಗಬೇಕು. ಕಿ.ಮೀ. ಕಲ್ಲಿನ ಸಂಖ್ಯೆ ಗೊತ್ತಾದರೆ ಒಳ್ಳೆಯದು. ಇದರ ಜೊತೆಗೇ ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಕರೆ ಮಾಡಿ ಗಸ್ತು ವಾಹನ, ಕ್ರೇನ್ ಎರಡನ್ನೂ ಕೇಳುತ್ತೇವೆ. ಗಸ್ತು ವಾಹನ ಯಾಕೆಂದು ಮುಂದೆ ಹೇಳುತ್ತೇನೆ.

ಸ್ಥಳ ತಲುಪಿದಾಗ ಗಾಡಿಯನ್ನು ಅಪಘಾತದ ಹಿಂದೆ, ಅಂದರೆ ವಾಹನಗಳು ಬರುವ ಕಡೆಗೆ, 20–25 ಮೀಟರ್ ಜಾಗ ಬಿಟ್ಟು ಓರೆಯಾಗಿ ನಿಲ್ಲಿಸುತ್ತೇವೆ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡೆ ಕೊಟ್ಟು, ಮುಂದಿನ ಚಕ್ರಗಳನ್ನು ಕೆಲಸದ ಜಾಗದಿಂದ ಆಚೆಗೆ ತಿರುಗಿಸಿಡಬೇಕು. 4,500 ಲೀಟರ್ ನೀರು ತುಂಬಿದ ವಾಟರ್ ಟೆಂಡರ್, ಅಂದರೆ ನಮ್ಮ ಅಗ್ನಿಶಾಮಕ ವಾಹನ, ಭಾರವಾದ ಗಾಡಿಯೇ, ಆದರೆ 55 ಟನ್ ವರೆಗೂ ತೂಗಬಹುದಾದ ಟ್ರೇಲರ್ ಗುದ್ದಿದರೆ ಅದೂ ಮುಂದಕ್ಕೆ ಜಾರುತ್ತದೆ. ಆ 20–25 ಮೀಟರ್ ಜಾರಲು ಬಿಟ್ಟ ಜಾಗ. ಅಲ್ಲಿ ಯಾರೂ ನಿಲ್ಲುವಂತಿಲ್ಲ, ಸ್ಟ್ರೆಚರ್ ಇಡುವಂತಿಲ್ಲ. ಆಂಬುಲೆನ್ಸ್ ಅಪಘಾತದ ಮುಂದೆ ಹೋಗಿ ನಿಲ್ಲಬೇಕು. ಹೋಸ್ ರೀಲ್ ಇಷ್ಟು ದೂರ ಸಲೀಸಾಗಿ ತಲುಪುತ್ತದೆ. ಹೈಡ್ರಾಲಿಕ್ ಕಟರ್‌ಗೆ ಒತ್ತಡ ಕೊಡುವ ಯಂತ್ರವಾದ ಪವರ್ ಪ್ಯಾಕ್ ಹೊತ್ತುಕೊಂಡೇ ಹೋಗಬೇಕು, ಅದಕ್ಕೆ ಗೊಣಗಬಾರದು.

ಇನ್ನು ಎಷ್ಟು ಪಥ ಮುಚ್ಚಬೇಕು? ಅಪಘಾತವಾದ ಪಥ, ಜೊತೆಗೆ ಪಕ್ಕದ ಒಂದು ಪಥ. ನಾಲ್ಕು ಪಥದ ಹೆದ್ದಾರಿಯಲ್ಲಿ ಒಂದು ಬದಿಗೆ ಇರುವುದೇ ಎರಡು ಪಥ. ಅಂದರೆ ಆ ಬದಿ ಪೂರ್ತಿ ಬಂದ್. ಸರ್ವಿಸ್ ರಸ್ತೆ ಇದ್ದರೆ ಪೊಲೀಸರು ವಾಹನಗಳನ್ನು ಅದಕ್ಕೆ ಇಳಿಸುತ್ತಾರೆ. ‘ಒಂದು ಪಥ ಬಿಡಿ ಸಾರ್’ ಎಂಬ ಒತ್ತಾಯ ಬಂದೇ ಬರುತ್ತದೆ. ಸಿಲುಕಿದವರನ್ನು ತೆಗೆಯುವವರೆಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದ ಮೇಲೆ ಒಂದು ನಿಮಿಷವೂ ತಡ ಮಾಡಬಾರದು.

ಗಾಡಿಯನ್ನೇ ಅಡ್ಡ ನಿಲ್ಲಿಸುವುದರಲ್ಲಿ ಒಂದು ತೊಡಕಿದೆ, ಹೊರದೇಶದ ಕೈಪಿಡಿ ಓದಿದವರಿಗೆ ಇದು ಹೊಳೆಯುವುದಿಲ್ಲ. ನಮ್ಮ ಹೆಚ್ಚಿನ ವಾಟರ್ ಟೆಂಡರ್‌ಗಳಲ್ಲಿ ಪಂಪ್ ಇರುವುದು ಹಿಂಭಾಗದಲ್ಲಿ. ಅಂದರೆ ಪಂಪ್ ನಡೆಸುವವನು ಬರುವ ವಾಹನಗಳಿಗೆ ಬೆನ್ನು ಕೊಟ್ಟು, ಯಾವ ರಕ್ಷಣೆಯೂ ಇಲ್ಲದೆ ನಿಲ್ಲುತ್ತಾನೆ. ಅದಕ್ಕೇ 1033ರ ಗಸ್ತು ವಾಹನ ಬೇಕು. ಅದು ಬಂದ ಕೂಡಲೇ ಟೆಂಡರ್‌ನಿಂದ ಇನ್ನೂ 50–60 ಮೀಟರ್ ಹಿಂದೆ ನಿಲ್ಲಿಸಿ, ಅದರಲ್ಲಿದ್ದವರನ್ನೆಲ್ಲ ಇಳಿಸುತ್ತೇವೆ. ಅದು ಬರುವವರೆಗೆ, ಸರತಿಯಲ್ಲಿ ಮೊದಲು ನಿಂತ ಲಾರಿಯನ್ನೇ ಹಜಾರ್ಡ್ ದೀಪ ಹಾಕಿಸಿ ಅಡ್ಡ ನಿಲ್ಲಿಸಿಕೊಳ್ಳಬಹುದು. ಚಾಲಕ ಮಾತ್ರ ಕ್ಯಾಬಿನ್ನಿನಲ್ಲಿ ಕೂತಿರಬಾರದು. ಎರಡೂ ಸಿಗದಿದ್ದರೆ ಪಂಪ್ ಆಪರೇಟರ್ ಒತ್ತಡ ಹೊಂದಿಸಿ, ಪ್ಯಾನೆಲ್ ಎದುರಿನಿಂದ ಪಕ್ಕಕ್ಕೆ ಸರಿದು, ಸಂಚಾರವಿಲ್ಲದ ಬದಿಯ ಮೂಲೆಯಲ್ಲಿ ವಾಹನಗಳ ಕಡೆ ಮುಖ ಮಾಡಿ ನಿಲ್ಲಬೇಕು. ಬೆಂಕಿಯೂ ಇಲ್ಲ, ಇಂಧನ ಸೋರಿಕೆಯೂ ಇಲ್ಲ ಎಂದಾದರೆ ರೀಲ್ ಎಳೆದು ಸಿದ್ಧವಿಟ್ಟುಕೊಂಡರೆ ಸಾಕು, ಯಾರೂ ಹಿಂದೆ ನಿಲ್ಲಬೇಕಿಲ್ಲ.

ಕೋನ್ ಎಂಟಾದರೂ ಗಾಡಿಯಲ್ಲಿರಬೇಕು. ಮೊದಲ ಎಚ್ಚರಿಕೆ ಫಲಕ ಅಥವಾ ತ್ರಿಕೋನ 180–200 ಮೀಟರ್ ಹಿಂದೆ. ಕೋನ್‌ಗಳು ಕೊನೆಯ 60 ಮೀಟರಿನಲ್ಲಿ, ಎಂಟು ಮೀಟರಿಗೊಂದರಂತೆ, ಅಂಚಿನಿಂದ ಒಳಕ್ಕೆ ಓರೆಯಾಗಿ. ತಿರುವು ಅಥವಾ ಏರು ಇದ್ದರೆ ಮೀಟರ್ ಲೆಕ್ಕ ಮರೆತು, ಫಲಕವನ್ನು ತಿರುವಿನ ಆಚೆಗೇ ಇಡಬೇಕು. ಶಿರಾಡಿ ಘಾಟಿಯಂಥ ಕಡೆ ಮಳೆಗಾಲದಲ್ಲಿ ಇಷ್ಟೂ ಸಾಲದು. ಕೋನ್ ಇಡಲು ಹೋಗುವವರು ರಸ್ತೆ ಅಂಚಿನಲ್ಲಿ, ವಾಹನಗಳಿಗೆ ಎದುರಾಗಿ ನಡೆಯಬೇಕು. ಇನ್ನೊಂದು ವಿಷಯ: ವಾಹನಗಳು ನಿಂತು ಸಾಲು ಬೆಳೆದಂತೆ ಎಚ್ಚರಿಕೆಯೂ ಹಿಂದೆ ಹೋಗಬೇಕು. ಸಾಲಿನ ಬಾಲ ಫಲಕವನ್ನು ದಾಟಿದ ಕ್ಷಣದಿಂದ ಆ ಫಲಕ ಇದ್ದೂ ಇಲ್ಲ. ಎರಡನೆಯ ಅಪಘಾತ ಆ ಬಾಲದಲ್ಲೇ ಆಗುತ್ತದೆ.

ಒಬ್ಬರಿಗೆ ಒಂದೇ ಕೆಲಸ: ಸೀಟಿ ಹಿಡಿದು ರಸ್ತೆ ನೋಡುವುದು. ನಿಲ್ಲುವ ಜಾಗ ಪಥದೊಳಗಲ್ಲ, ಕ್ರ್ಯಾಶ್ ಬ್ಯಾರಿಯರ್‌ನ ಆಚೆ. ನಿಲ್ಲದೆ ನುಗ್ಗುವ ಗಾಡಿ ಕಂಡರೆ ಒಂದೇ ಉದ್ದ ಸೀಟಿ. ಕೈಯಲ್ಲಿರುವುದನ್ನು ಬಿಟ್ಟು ಎಲ್ಲರೂ ಮೊದಲೇ ಮಾತಾಡಿಕೊಂಡ ದಿಕ್ಕಿಗೆ ಓಡಬೇಕು. ಈ ದಿಕ್ಕು ಮುಖ್ಯ. ಸೇತುವೆ ಮೇಲಿದ್ದರೆ ಎರಡು ಬದಿಯ ಸೇತುವೆಗಳ ನಡುವೆ ಖಾಲಿ ಸಂದಿ ಇರುತ್ತದೆ, ಕತ್ತಲಲ್ಲಿ ಅದು ಡಿವೈಡರ್‌ನಂತೆಯೇ ಕಾಣುತ್ತದೆ. ಹಾರಿದರೆ ಕೆಳಗೆ ನದಿಯೋ ರೈಲು ಹಳಿಯೋ ಇರಬಹುದು. ಅಂಥ ಕಡೆ ಓಡುವುದು ಮುಂದಕ್ಕೆ, ಅಪಘಾತದ ವಾಹನ ದಾಟಿ.

ರಾತ್ರಿ ಎಲ್ಲ ದೀಪ ಹಾಕಿದರೆ ಸುರಕ್ಷಿತ ಎಂಬುದು ತಪ್ಪು ನಂಬಿಕೆ. ಮಿನುಗುವ ದೀಪದ ಮುಂದೆ ನಿಂತ ಮನುಷ್ಯ ಚಾಲಕನಿಗೆ ಕಾಣುವುದೇ ಇಲ್ಲ. ಎದುರು ಬದಿಯವರ ಕಣ್ಣಿಗೆ ಹೊಡೆಯುವ ಹೆಡ್‌ಲೈಟ್ ಆರಿಸಿ, ಮೇಲಿನ ದೀಪಗಳಲ್ಲಿ ಹಿಂದಕ್ಕೆ ಕಾಣುವಷ್ಟನ್ನು ಮಾತ್ರ ಉಳಿಸಿ, ಕೆಲಸದ ಬೆಳಕನ್ನು ಎತ್ತರದಿಂದ ನೆಲಕ್ಕೆ ಬೀಳಿಸಬೇಕು.

ಕಾರಿನ ಮಟ್ಟಿಗೆ ಸಂಕ್ಷಿಪ್ತವಾಗಿ: ಮರದ ತುಂಡು ಕೊಟ್ಟು ಅಲುಗದಂತೆ ಮಾಡಿ, ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಬೇಕು. ತೆರೆಯದ ಏರ್‌ಬ್ಯಾಗ್‌ನಿಂದ ದೂರ ಇರಬೇಕು: ಸ್ಟೀರಿಂಗ್‌ನಿಂದ 25 ಸೆಂ.ಮೀ., ಪಕ್ಕದ ಸೀಟಿನ ಎದುರು 50 ಸೆಂ.ಮೀ., ಬದಿಯದ್ದರಿಂದ 13 ಸೆಂ.ಮೀ. ಕಾರಿನ ಚಾವಣಿ ಹೊತ್ತ ಕಂಬ ಕತ್ತರಿಸುವ ಮುನ್ನ ಒಳಗಿನ ಪ್ಲಾಸ್ಟಿಕ್ ಹೊದಿಕೆ ಕಿತ್ತು ಏರ್‌ಬ್ಯಾಗ್‌ನ ಗ್ಯಾಸ್ ಸಿಲಿಂಡರ್ ಎಲ್ಲಿದೆ ನೋಡಬೇಕು. ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳಲ್ಲಿ ಹೆಚ್ಚು ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕಟರ್ ಅದರ ಹತ್ತಿರ ಹೋಗಬಾರದು.

ಟ್ಯಾಂಕರ್ ಎಂದರೆ ಮೇಲೆ ಹೇಳಿದ ಗಾಡಿ ಅಡ್ಡದ ನಿಯಮ ತಲೆಕೆಳಗು. ಹತ್ತಿರ ಹೋಗುವ ಮುನ್ನ ಬೈನಾಕ್ಯುಲರ್‌ನಲ್ಲಿ ಟ್ಯಾಂಕರ್ ಮೇಲಿನ ಫಲಕದಲ್ಲಿ ಒಳಗಿನ ವಸ್ತು ತಿಳಿಸುವ ಸಂಖ್ಯೆ ಓದಬೇಕು: 1203 ಪೆಟ್ರೋಲ್, 1202 ಡೀಸೆಲ್, 1075 ಎಲ್‌ಪಿಜಿ. ಎಲ್‌ಪಿಜಿ ಗಾಳಿಗಿಂತ ಭಾರ, ಮೋರಿ–ಹಳ್ಳಗಳಲ್ಲಿ ಹರಿದು ಕೂರುತ್ತದೆ; ನಮ್ಮ ಎಂಜಿನ್ನೇ ಅದಕ್ಕೆ ಕಿಡಿ ಕೊಡಬಹುದು. ಗಾಳಿ ಬೀಸುವ ಕಡೆಯಿಂದ, ಎತ್ತರದ ಜಾಗದಲ್ಲಿ, ಸೋರಿಕೆಗೆ ಕನಿಷ್ಠ 100 ಮೀಟರ್ ದೂರದಲ್ಲಿ ನಿಂತು, ಎರಡೂ ಬದಿಯ ಸಂಚಾರ ನಿಲ್ಲಿಸಬೇಕು. ಡಿವೈಡರ್ ಗ್ಯಾಸನ್ನು ತಡೆಯುವುದಿಲ್ಲ. ಟ್ಯಾಂಕರ್‌ಗೇ ಬೆಂಕಿ ಹತ್ತಿದ್ದರೆ ಜನರನ್ನು ತೆರವು ಮಾಡುವ ದೂರ 1,600 ಮೀಟರ್. 2013ರಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಹೊತ್ತಿಕೊಂಡಾಗ ರಸ್ತೆಬದಿಯ ಮನೆಗಳೂ ಬಲಿಯಾದವು. ಕ್ಯಾನ್ ಹಿಡಿದು ಎಣ್ಣೆ ತುಂಬಿಕೊಳ್ಳಲು ಬರುವವರನ್ನು ತಡೆಯುವುದು ಪೊಲೀಸರ ಕೆಲಸ. ಅವರು ಬರುವ ತನಕ ನಮ್ಮದೇ.

ಮುಗಿದ ಮೇಲೆ ಕೋನ್ ಎತ್ತುವಾಗ ಅಪಘಾತದ ಹತ್ತಿರದ್ದರಿಂದ ಶುರು ಮಾಡಿ ಹಿಂದಕ್ಕೆ ಹೋಗಬೇಕು. ದೂರದ ಫಲಕ ಕೊನೆಗೆ, ಅಡ್ಡ ನಿಂತ ಗಾಡಿ ಅದಕ್ಕೂ ಕೊನೆಗೆ. ನಾವು ಬರುವ ಮುಂಚೆ ಊರಿನವರು ಎಚ್ಚರಿಕೆಗೆಂದು ಇಟ್ಟ ಕಲ್ಲು, ಸೊಪ್ಪಿನ ಕೊಂಬೆಗಳನ್ನೂ ನೆನಪಿಟ್ಟು ತೆಗೆಯಬೇಕು. ಎಲ್ಲರೂ ಹೋದ ಮೇಲೆ ಆ ಕಲ್ಲಿಗೆ ಬೈಕಿನವರು ಬೀಳುತ್ತಾರೆ. ಚೆಲ್ಲಿದ ಡೀಸೆಲ್ ಮೇಲೆ ನೀರು ಬಿಡಬಾರದು, ಹರಡುತ್ತದೆ. ಮರಳು ಹಾಕಿ ಗುಡಿಸಬೇಕು. ಠಾಣೆಗೆ ಬಂದು ಪ್ರತಿಫಲಕ ಜಾಕೆಟ್ ಒಗೆಯಬೇಕು. ಮಣ್ಣು, ಎಣ್ಣೆ ಹಿಡಿದ ಪಟ್ಟಿ ಹೊಳೆಯುವುದಿಲ್ಲ. ಕತ್ತಲಲ್ಲಿ ಜಾಕೆಟ್ ತೂಗುಹಾಕಿ, 50 ಹೆಜ್ಜೆ ದೂರದಿಂದ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಬೆಳಕು ಬಿಟ್ಟರೆ ಗೊತ್ತಾಗುತ್ತದೆ: ಪಟ್ಟಿ ಬೆಳ್ಳಗೆ ಉರಿಯದಿದ್ದರೆ ಹೊಸ ಜಾಕೆಟ್‌ಗೆ ಬೇಡಿಕೆ ಬರೆಯಿರಿ.