ಮಳೆಗಾಲದಲ್ಲಿ ಕೆಡುತ್ತಿದ್ದ ಪೇರಲೆ ಬಾಟಲಿಗಳು

ಪೇರಲೆಯನ್ನು ಬೀಜದಿಂದ ಬೆಳೆಸಿದರೆ ಸಸಿಗಳು ಒಂದರಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ, ಕಸಿಗೆ ಬೇಕಾದ ಬೇರುಸಸಿಗಳನ್ನು ಅಂಗಾಂಶ ಕೃಷಿಯಲ್ಲಿ (ರೆಂಬೆಯ ಗೆಣ್ಣಿನ ತುಂಡನ್ನು ಬಾಟಲಿಯೊಳಗಿನ ಆಹಾರ ಮಾಧ್ಯಮದಲ್ಲಿ ನೆಟ್ಟು ಸಸಿ ಮಾಡುವ ವಿಧಾನ) ಬೆಳೆಸೋಣವೆಂದು ತೀರ್ಥಹಳ್ಳಿಯ ನಮ್ಮ ಮನೆಯ ಹಿಂದಿನ ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಆರಂಭಿಸಿದ್ದೆ. ಬೇಸಿಗೆಯಲ್ಲಿ ಸರಿಯಾಗಿಯೇ ನಡೆದ ಕೆಲಸ ಆಷಾಢದ ಹೊತ್ತಿಗೆ ಹಳ್ಳ ಹಿಡಿಯಿತು. ನಾಲ್ಕೈದು ದಿನಗಳಲ್ಲಿ ಬಹುಪಾಲು ಬಾಟಲಿಗಳು ಕೆಡುತ್ತಿದ್ದವು.

ಮೊದಲು, ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವನ್ನೇ ಅನುಮಾನಿಸಿದೆ. ಆದರೆ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಇಟ್ಟು ತೆಗೆದ ಆಹಾರ ಮಾಧ್ಯಮದ ಕೆಲವು ಬಾಟಲಿಗಳನ್ನು ಗೆಣ್ಣು ನೆಡದೆ ಒಂದು ವಾರ ಹಾಗೆಯೇ ಬಿಟ್ಟಾಗ ಅವು ತಿಳಿಯಾಗಿಯೇ ಉಳಿದವು. ಆಮೇಲೆ ಕೆಟ್ಟ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದೆ: ಗೆಣ್ಣಿನ ಕೊಯ್ದ ತುದಿಯ ಸುತ್ತ, ಮಾಧ್ಯಮವನ್ನು ಗಟ್ಟಿಯಾಗಿಸುವ ಅಗರ್‌ನ ಒಳಗೆ, ಅಕ್ಕಿ ತೊಳೆದ ನೀರಿನಂಥ ಮಸುಕು ಹರಡಿತ್ತು. ಗಾಳಿಯಿಂದಲೋ ಕೈಯಿಂದಲೋ ಬಂದ ಬೂಷ್ಟಾಗಿದ್ದರೆ ಅದು ಮೇಲ್ಮೈಯಲ್ಲಿ ಎಲ್ಲೆಂದರಲ್ಲಿ ಕಾಣಿಸಬೇಕಿತ್ತು. ಅಂದರೆ ಬ್ಯಾಕ್ಟೀರಿಯಾ ರೆಂಬೆಯೊಂದಿಗೇ ಒಳಬರುತ್ತಿತ್ತು. ಹೊರಗಿನಿಂದ ಎಷ್ಟು ತೊಳೆದರೂ ಹೋಗುವಂಥದ್ದಲ್ಲ. ಇದು ತಿಳಿಯುವ ಮೊದಲು ಗೆಣ್ಣುಗಳನ್ನು ಹೊರಗಿನಿಂದ ಶುದ್ಧಗೊಳಿಸಲು ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಅದ್ದುವ ಅವಧಿ ಹೆಚ್ಚಿಸಿ ಎಳೆಯ ಚಿಗುರನ್ನೇ ಸುಟ್ಟುಕೊಂಡದ್ದು ನನ್ನ ದಡ್ಡತನ.

ಪರಿಹಾರ ಸಿಕ್ಕಿದ್ದು ಅಂಗಳದಲ್ಲಿ. ತಾಯಿ ಗಿಡಗಳನ್ನು ಕುಂಡಗಳಿಗೆ ಬದಲಿಸಿ, ಅಡಿಕೆ ಒಣಗಿಸುವ ಪಾಲಿಥೀನ್ ಚಪ್ಪರದಡಿ ಇಟ್ಟು, ಎಲೆ ನೆನೆಯದಂತೆ ಬುಡಕ್ಕೆ ಮಾತ್ರ ನೀರು ಕೊಟ್ಟೆ. ಹಳೆಯ ರೆಂಬೆಗಳನ್ನು ಸವರಿ, ಐದಾರು ವಾರಗಳ ನಂತರ ಚಪ್ಪರದೊಳಗೇ ಒಡೆದ ಹೊಸ ಚಿಗುರಿನ ಗೆಣ್ಣುಗಳನ್ನಷ್ಟೇ ತೆಗೆದೆ. ಕೊಯ್ದ ಗಾಯದಿಂದ ರಸ ಒಸರಿ ಮಾಧ್ಯಮ ಕಂದಾಗುವುದು ಪೇರಲೆಯ ಬೇರೆಯೇ ತಲೆನೋವು. ಅದಕ್ಕೆ ಮೊದಲ ವಾರ ಬಾಟಲಿಗಳನ್ನು ಕತ್ತಲಲ್ಲಿಟ್ಟು, ದಿನ ಬಿಟ್ಟು ದಿನ ಹೊಸ ಮಾಧ್ಯಮಕ್ಕೆ ಬದಲಿಸಿದೆ. ಈ ಸಲ ಕೆಟ್ಟವು ಬೆರಳೆಣಿಕೆಯಷ್ಟು, ಉಳಿದವು ಚಿಗುರುತ್ತಿವೆ.