ಜಾಲಿ ಎಲಿ, ಡಿಸ್ಕಾರ್ಡ್ ಮತ್ತ ಶೇಡರ್ ಕಂಪೈಲರ್: ನನ್ನ ಅನುಭವ

ಶೇಡರ್ ಅಂದ್ರ ಪ್ರತಿ ಪಿಕ್ಸೆಲ್ ನ ಬಣ್ಣ ಲೆಕ್ಕ ಮಾಡೋಕ ಜಿಪಿಯು (ಗ್ರಾಫಿಕ್ಸ್ ಚಿಪ್) ಮ್ಯಾಲೆ ಓಡೋ ಪ್ರೋಗ್ರಾಂ. ಅದರಾಗಿನ ಡಿಸ್ಕಾರ್ಡ್, ಅಂದ್ರ ಪಿಕ್ಸೆಲ್ ಬಿಸಾಕೋ ಆದೇಶ, ಆದಷ್ಟು ಮೊದಲೇ ಬರೋಹಂಗ ಕಂಪೈಲರ್ ನ ನಾ ತಿದ್ದಿದೆ. ಬಳ್ಳಾರಿ ಸುತ್ತ ಎಲ್ಲಿ ನೋಡಿದ್ರೂ ಬಳ್ಳಾರಿ ಜಾಲಿನೇ, ಅದಕ್ಕ ಟೆಸ್ಟ್ ಸೀನ್ ಗೂ ಜಾಲಿ ಪೊದೆನೇ ಹಾಕಿದೆ. ಎಲಿ ಅಂದ್ರ ಬರೀ ಚೌಕ ಕಾರ್ಡ್, ಅದರ ಮ್ಯಾಲೆ ಟೆಕ್ಸ್ಚರ್ (ಎಲಿ ಚಿತ್ರ), ಆಲ್ಫಾ (0 ಅಂದ್ರ ಪೂರ್ತಿ ಪಾರದರ್ಶಕ) 0.5 ಕ್ಕಿಂತ ಕಡಿಮಿ ಇದ್ರ ಆ ಪಿಕ್ಸೆಲ್ ಡಿಸ್ಕಾರ್ಡ್. ಈ ಡಿಸ್ಕಾರ್ಡ್ ಶೇಡರ್ ಕೊನಿಗೆ ಇದ್ರ ಲೈಟಿಂಗ್, ನೆರಳು ಎಲ್ಲಾ ಲೆಕ್ಕ ಮಾಡಿದ ಮ್ಯಾಲೆ ಪಿಕ್ಸೆಲ್ ಬಿಸಾಕತೈತಿ, ಅನ್ನ ಆದಮ್ಯಾಲೆ ಕಲ್ಲು ಆರಿಸಿದಂಗ.

ಲಿನಕ್ಸ್ ನ ಗ್ರಾಫಿಕ್ಸ್ ಡ್ರೈವರ್ ಗಳಿರೋ ಮೆಸಾದಾಗ ಶೇಡರ್ ಮೊದಲು ನಿರ್ (NIR) ಅನ್ನೋ ನಡುವಿನ ರೂಪಕ್ಕ ಬರತೈತಿ, ನಾ ಕೆಲಸ ಮಾಡಿದ್ದು ಅಲ್ಲೇ. ಡಿಸ್ಕಾರ್ಡ್ ಕಂಡೀಷನ್ ನಿಂದ ಹಿಂದಕ್ಕ ಹೋಗಿ ಅದಕ್ಕ ಏನೇನು ಬೇಕೋ ಅಷ್ಟನ್ನೇ ಗುರ್ತು ಹಾಕಿ, ಆಲ್ಫಾ ಫೆಚ್ (ಟೆಕ್ಸ್ಚರ್ ನಿಂದ ಆಲ್ಫಾ ಓದೋದು) ಸಮೇತ ಮ್ಯಾಲಕ್ಕ ಒಯ್ಯೋದು. ನಡುವ ಬಫರ್ ಗೆ, ಅಂದ್ರ ಮೆಮೊರಿಗೆ, ಬರೆಯೋ ಸ್ಟೋರ್ ಅಥವಾ ಅಟಾಮಿಕ್ ಬಂದ್ರ ಅಲ್ಲೇ ನಿಲ್ಲಬೇಕು, ಯಾಕಂದ್ರ ಸಾಯೋ (ಡಿಸ್ಕಾರ್ಡ್ ಆಗೋ) ಪಿಕ್ಸೆಲ್ ಸಾಯೋಕಿಂತ ಮೊದಲು ಬರೆದಿದ್ದು ಉಳೀಲೇಬೇಕು.

ನಿಜವಾದ ಕಷ್ಟ ಇರೋದು ಕ್ವಾಡ್ ನಾಗ. ಜಿಪಿಯು ಪಿಕ್ಸೆಲ್ ಗಳನ್ನ 2×2 ಗುಂಪಾಗಿ (ಇದೇ ಕ್ವಾಡ್) ಓಡಸತೈತಿ, ಮಿಪ್ ಲೆವೆಲ್ (ದೂರಕ್ಕ ತಕ್ಕ ಟೆಕ್ಸ್ಚರ್ ಸೈಜ್) ಆರಿಸೋಕ ಪಕ್ಕದ ಪಿಕ್ಸೆಲ್ ನ ಟೆಕ್ಸ್ಚರ್ ಕೋಆರ್ಡಿನೇಟ್ ಬೇಕು. ಒಂದು ಪಿಕ್ಸೆಲ್ ನ ಪೂರ್ತಿ ನಿಲ್ಲಿಸಿಬಿಟ್ರ ಉಳಿದವಕ್ಕ ಡೆರಿವೇಟಿವ್ (ಪಕ್ಕದ ಪಿಕ್ಸೆಲ್ ಜೊತಿ ಇರೋ ವ್ಯತ್ಯಾಸ) ತಪ್ಪಾಗಿ ಎಲಿ ಅಂಚಿನಾಗ ಚುಕ್ಕಿ ಚುಕ್ಕಿ ಮಿನುಗತಾವು. ಹಂಗಾಗಿ ಡಿಮೋಟ್ ಬೇಕು: ಪಿಕ್ಸೆಲ್ ಹೆಲ್ಪರ್ ಆಗಿ ಓಡ್ತಾನೇ ಇರತೈತಿ, ಆದ್ರ ಅದರ ಬರಹ ಎಲ್ಲೂ ಬೀಳಂಗಿಲ್ಲ. 2022 ರ ವಲ್ಕನ್ (ಗ್ರಾಫಿಕ್ಸ್ ಎಪಿಐ) 1.3 ರಾಗ ಇದು ಕೋರ್ ಗೇ ಬಂತು, ನನ್ನ ಮಟ್ಟಿಗೆ ಬಾಳ ಒಳ್ಳೆ ನಿರ್ಧಾರ.

ಆದ್ರ ಡಿಮೋಟ್ ಆದ ಪಿಕ್ಸೆಲ್ ಒಂದೊಂದೇ ಸತ್ರ ಟೈಮ್ ಉಳಿಯಂಗಿಲ್ಲ. ನನ್ನ ಲ್ಯಾಪ್‌ಟಾಪ್ ನ ಎಎಂಡಿ ವೇಗಾ ಜಿಪಿಯುದಾಗ ಒಂದು ವೇವ್ ಗೆ (ಒಟ್ಟಿಗೆ ಓಡೋ ಗುಂಪಿಗೆ) 64 ಪಿಕ್ಸೆಲ್, ಅಷ್ಟೂ ಸತ್ರ ಮಾತ್ರ ಸೀದಾ ಕೊನಿಗೆ ಜಂಪ್ ಮಾಡಬಹುದು. ಜಾಲಿ ಎಲಿ ಸಣ್ಣವು, ದೂರದಿಂದ ನೋಡಿದಾಗ ಒಂದು ವೇವ್ ನಾಗ ಒಂದಾದ್ರೂ ಪಿಕ್ಸೆಲ್ ಬದುಕೇ ಇರತೈತಿ, ಅಲ್ಲಿ ಲಾಭ ಏನೂ ಕಾಣಲಿಲ್ಲ. ಕ್ಯಾಮೆರಾ ಹತ್ರ ಒಯ್ದಾಗ ಕಾರ್ಡ್ ನ ಖಾಲಿ ಮೂಲೆ ದೊಡ್ಡದಾಗತಾವು, ಅಲ್ಲಿ ಚೆನ್ನಾಗಿ ಉಳೀತು.

ಅಳೆಯೋದು ಮಾತ್ರ ಬೆಳಗಿನ ಜಾವ, ಜಿಪಿಯು ಕ್ಲಾಕ್ ಫಿಕ್ಸ್ ಮಾಡಿಟ್ಟು. ಇಲ್ಲಿನ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಲ್ಯಾಪ್‌ಟಾಪ್ ಕಾದು ತಾನೇ ಸ್ಪೀಡ್ ಇಳಿಸತೈತಿ, ಆಗ ಬಂದ ನಂಬರ್ ನಾ ಲೆಕ್ಕಕ್ಕೇ ಹಿಡಿಯಂಗಿಲ್ಲ. ಈಗ ನನ್ನ ಕೋಡ್ ಡಿಸ್ಕಾರ್ಡ್ ಕೆಳಗ ಟೆಕ್ಸ್ಚರ್ ಫೆಚ್ ಅಥವಾ ಲೂಪ್ ಉಳಿದಿದ್ರ ಮಾತ್ರ ಜಂಪ್ ಹಾಕತೈತಿ, ನಾಕು ಗುಣಾಕಾರ ಅಷ್ಟೇ ಇದ್ರ ಹಂಗೇ ಬಿಡತೈತಿ.