ಪ್ರಾಯೋಜಕತ್ವದ ಹಣ ಪಾಸ್‌ಬುಕ್ ತಲುಪುವವರೆಗೆ: ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿಯೊಂದಿಗೆ ನನ್ನ ಅನುಭವ

ಬಡ ಕುಟುಂಬಗಳಲ್ಲಿ ಆಸರೆ ಕಳೆದುಕೊಂಡ ಮಕ್ಕಳಿಗೆ ಸರ್ಕಾರ ಪ್ರತಿ ತಿಂಗಳು ಕೊಡುವ ನೆರವಾದ ಪ್ರಾಯೋಜಕತ್ವದ ಕಡತಗಳನ್ನು ಮೇಜುವಾರು ಹಂಚುವ ಪದ್ಧತಿಯನ್ನು ಕೈಬಿಟ್ಟು, ಪ್ರತಿ ಮಗುವಿನ ಕಡತವನ್ನೂ ಮೊದಲ ಮನೆಭೇಟಿಯಿಂದ ಹಣ ಖಾತೆಗೆ ಜಮೆಯಾಗುವವರೆಗೆ ಒಬ್ಬರೇ ಸಿಬ್ಬಂದಿಯ ಹೆಸರಿಗೆ ವಹಿಸುತ್ತೇನೆ ಎಂದಾಗ, ನೆರೆಯ ಜಿಲ್ಲೆಗಳಲ್ಲಿ ನನ್ನಂತೆಯೇ ಮಕ್ಕಳ ರಕ್ಷಣಾ ಘಟಕವನ್ನು ನಡೆಸುವವರಲ್ಲಿ ಒಪ್ಪಿದವರು ಒಬ್ಬರೂ ಇರಲಿಲ್ಲ. "ಮಾರ್ಚ್ ಬಂದರೆ ನವೀಕರಣ ಆಗುತ್ತದೋ ಇಲ್ಲವೋ ಎಂದು ಕಾಯುವ ಗುತ್ತಿಗೆ ನೌಕರರು ಮೇಡಂ, ಅವರಿಂದ ಇಷ್ಟೆಲ್ಲ ಆಗುವುದಿಲ್ಲ" ಎಂದರು ಒಬ್ಬರು. ಒಬ್ಬರ ಕೈಯಲ್ಲೇ ಎಲ್ಲ ಹಂತಗಳಿದ್ದರೆ ಬಡವರಿಂದ ವಸೂಲಿ ಮಾಡಲು ನಾವೇ ದಾರಿ ಮಾಡಿಕೊಟ್ಟಂತೆ ಎಂದು ಇನ್ನೊಬ್ಬರು ಎಚ್ಚರಿಸಿದರು. ಹೆಚ್ಚುಕಡಿಮೆ ಎರಡು ವರ್ಷಗಳ ನಂತರ ನಮ್ಮಲ್ಲಿ ಕಳುಹಿಸಿದ ಹಣ ಖಾತೆಗೆ ಜಮೆಯಾಗದೆ ವಾಪಸಾಗುವ ಪ್ರಕರಣಗಳು ಬೆರಳೆಣಿಕೆಗೆ ಇಳಿದಿವೆ. ಹಾಗೆ ಎಚ್ಚರಿಸಿದವರೇ ಈಗ ನಮ್ಮ ರಿಜಿಸ್ಟರಿನ ನಮೂನೆಯನ್ನು ಕೇಳಿ ತರಿಸಿಕೊಂಡಿದ್ದಾರೆ. ಅದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಈ ನೆರವು ಬರುವ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಮಾರ್ಗಸೂಚಿ, ಯಾರು ಅರ್ಹರು, ಯಾವ ನಮೂನೆಯಲ್ಲಿ ವರದಿ ಬರೆಯಬೇಕು ಎಂಬುದೆಲ್ಲ ಇದನ್ನು ಓದುವವರಿಗೆ ತಿಳಿದಿದೆ. ತಿಂಗಳಿಗೆ 2,000 ರೂಪಾಯಿ ಇದ್ದ ನೆರವು 4,000 ರೂಪಾಯಿ ಆದ ಮೇಲೆ ಅರ್ಜಿಗಳ ರಾಶಿ ಹೇಗೆ ಬೆಳೆಯಿತು ಎಂಬುದನ್ನೂ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಸಮಾಜ ಕಾರ್ಯಕರ್ತರು ಮನೆಭೇಟಿ ಮಾಡಿ ಕಡತವನ್ನು ಮುಂದಿನ ಮೇಜಿಗೆ ಕೊಡುತ್ತಿದ್ದರು, ರಕ್ಷಣಾಧಿಕಾರಿ ಅದನ್ನು ನೆರವು ಮಂಜೂರು ಮಾಡುವ ಅನುಮೋದನಾ ಸಮಿತಿಗೆ ಮಂಡಿಸುತ್ತಿದ್ದರು, ಡೇಟಾ ಎಂಟ್ರಿ ಆಪರೇಟರ್ ಖಾತೆಯ ವಿವರ ತುಂಬುತ್ತಿದ್ದರು, ಅಕೌಂಟೆಂಟ್ ಹಣ ಕಳುಹಿಸುತ್ತಿದ್ದರು. ಯಾರನ್ನು ಕೇಳಿದರೂ "ನನ್ನ ಕಡೆಯಿಂದ ಮುಗಿದಿದೆ ಮೇಡಂ" ಎಂಬ ಉತ್ತರ ಬರುತ್ತಿತ್ತು, ಮತ್ತು ಆ ಉತ್ತರ ಪ್ರತಿ ಬಾರಿಯೂ ನಿಜವೇ ಆಗಿರುತ್ತಿತ್ತು. ಆದರೂ ಜಿಲ್ಲಾಧಿಕಾರಿಗಳ ಸಭೆಯಲ್ಲಿ ಮಂಜೂರಾತಿಯ ಸಂಖ್ಯೆ ಮುನ್ನೂರೈವತ್ತು ಎಂದು ಓದುತ್ತಿದ್ದಾಗ, ಅವರಲ್ಲಿ ಅರವತ್ತು ಎಪ್ಪತ್ತು ಮಕ್ಕಳಿಗೆ ಒಂದು ರೂಪಾಯಿಯೂ ತಲುಪಿರಲಿಲ್ಲ. ತಿಂಗಳಿಗೆ ಸುಮಾರು ಹದಿನಾಲ್ಕು ಲಕ್ಷದ ಪಾವತಿಯಲ್ಲಿ ಎರಡೂವರೆ ಲಕ್ಷದಷ್ಟು ಹೋಗಿ ಹಾಗೆಯೇ ಮರಳಿ ಬರುತ್ತಿತ್ತು.

ಮೊದಲು ಗುರಿ ನಿಗದಿ ಮಾಡಿ ನೋಡಲಾಯಿತು. ಪ್ರತಿಯೊಬ್ಬರೂ ತಿಂಗಳಿಗೆ ಇಪ್ಪತ್ತು ಮನೆಭೇಟಿ ಮಾಡಬೇಕೆಂದು ಸೂಚಿಸಿದೆವು, ಇಪ್ಪತ್ತು ವರದಿಗಳು ತಪ್ಪದೆ ಬಂದವು. ಒಂದು ಸಂಜೆ ಅವನ್ನೆಲ್ಲ ಸಾಲಾಗಿ ಇಟ್ಟುಕೊಂಡು ಓದಿದಾಗ, "ಮನೆಯು ಹೆಂಚಿನದಾಗಿದ್ದು, ತಾಯಿಯು ಕೂಲಿ ಕೆಲಸ ಮಾಡಿ ಜೀವನ ಸಾಗಿಸುತ್ತಿರುತ್ತಾರೆ" ಎಂಬ ಒಂದೇ ವಾಕ್ಯ ಒಂದರ ಮೇಲೊಂದರಂತೆ ಹತ್ತಕ್ಕೂ ಹೆಚ್ಚು ಕಡತಗಳಲ್ಲಿ ಸಿಕ್ಕಿತು. ಅವುಗಳಲ್ಲಿ ಒಂದಕ್ಕೆ ಲಗತ್ತಿಸಿದ್ದ ಫೋಟೋದಲ್ಲಿ ತಾಯಿ ಮತ್ತು ಮಗು ನಿಂತಿದ್ದುದು ಆರ್‌ಸಿಸಿ ಮನೆಯ ಮುಂದೆ. ಇನ್ನೊಂದರಲ್ಲಿ ತಾಯಿ ತೀರಿಕೊಂಡು ಮಗು ಅಜ್ಜಿಯ ಬಳಿ ಇತ್ತು, ಮರಣ ಪ್ರಮಾಣಪತ್ರವೂ ಅದೇ ಕಡತದಲ್ಲಿತ್ತು, ಆದರೆ ವರದಿಯಲ್ಲಿ ಆಕೆ ಕೂಲಿಗೆ ಹೋಗುತ್ತಲೇ ಇದ್ದಳು. ಗುರಿ ಕೊಟ್ಟರೆ ಸಿಬ್ಬಂದಿ ಗುರಿಯನ್ನೇ ಪೂರೈಸುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಆಮೇಲೆ ಸ್ಥಳ ನಮೂದಾಗುವ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕುವ ನಿಯಮ ಬಂತು. ಗುಂಪಿನಲ್ಲಿ ಶುಭೋದಯಗಳೂ ಫೋಟೋಗಳೂ ತುಂಬಿದವು, ಕಡತಗಳು ಇದ್ದಲ್ಲೇ ಇದ್ದವು. ಕಾರಣ ಕೇಳಿ ನೋಟಿಸ್ ಕೊಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ನಾಲ್ಕು ತಿಂಗಳು ವೇತನವಿಲ್ಲದೆ ದುಡಿಯುತ್ತಿರುವವರಿಗೆ ನೋಟಿಸ್ ಕೊಟ್ಟರೆ ಅವರು ಉತ್ತರವನ್ನು ಬಹಳ ಚೆನ್ನಾಗಿ ಬರೆಯುತ್ತಾರೆ, ಅಷ್ಟೇ.

ಕೊನೆಗೆ ನಿಂತ ಪದ್ಧತಿ ಹೀಗಿದೆ. ತಾಲ್ಲೂಕುಗಳನ್ನು ಸಮಾಜ ಕಾರ್ಯಕರ್ತರು, ಔಟ್‌ರೀಚ್ ವರ್ಕರ್‌ಗಳು (ಕ್ಷೇತ್ರ ಕಾರ್ಯಕರ್ತರು) ಮತ್ತು ಆಪ್ತ ಸಮಾಲೋಚಕರಿಗೆ ಹಂಚಿದೆವು. ಒಂದು ತಾಲ್ಲೂಕಿನ ಮಗುವಿನ ವಿಷಯದಲ್ಲಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಕಳುಹಿಸುವುದು, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರಿಸುವುದು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವುದು, ಅನುಮೋದನಾ ಸಮಿತಿಯ ಟಿಪ್ಪಣಿ ಸಿದ್ಧಪಡಿಸುವುದು, ಬ್ಯಾಂಕಿನಲ್ಲಿ ಜಂಟಿ ಖಾತೆ ಸರಿಪಡಿಸುವುದು, ಎಲ್ಲವೂ ಆ ಒಬ್ಬರದೇ ಹೊಣೆ. ರಿಜಿಸ್ಟರಿನಲ್ಲಿ ಮಂಜೂರಾತಿಯ ಕಾಲಂ ಅನ್ನು ನಡುವೆ ಎಲ್ಲೋ ಸೇರಿಸಿ, ಕೊನೆಯ ಕಾಲಂಗೆ "ಪಾಸ್‌ಬುಕ್‌ನಲ್ಲಿ ನಮೂದು ಕಂಡ ದಿನಾಂಕ" ಎಂದು ಹೆಸರಿಟ್ಟೆ. ಆ ಕಾಲಂ ಭರ್ತಿಯಾಗುವವರೆಗೆ ಕಡತ ಮುಗಿದಂತಲ್ಲ. ವಸೂಲಿಯ ಭಯ ವ್ಯಕ್ತಪಡಿಸಿದವರಿಗೆ ಉತ್ತರವೂ ಇದರಲ್ಲೇ ಇದೆ: ಪಾವತಿಯ ಕೆಲಸ ಮಾತ್ರ ಅಕೌಂಟೆಂಟ್ ಬಳಿಯೇ ಉಳಿಯಿತು, ಅವರು ಕುಟುಂಬಗಳ ಮುಖ ನೋಡುವುದಿಲ್ಲ, ಕಡತದ ಹೊಣೆ ಹೊತ್ತವರು ಹಣದ ಫೈಲ್ ಮುಟ್ಟುವುದಿಲ್ಲ, ಮತ್ತು ಕೆಲವು ಕುಟುಂಬಗಳಿಗೆ ನಾನೇ ಫೋನ್ ಮಾಡುತ್ತೇನೆ. ಆ ಕುಟುಂಬಗಳನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇದನ್ನು ನಮ್ಮ ಸಿಬ್ಬಂದಿಯೂ ಓದುತ್ತಾರೆ.

ವಾರಕ್ಕೊಮ್ಮೆ ಬೆಳಿಗ್ಗೆ ಒಂದು ಗಂಟೆ ಕಡತ ಓದುವ ಸಭೆ ನಡೆಯುತ್ತದೆ. ಪ್ರತಿಯೊಬ್ಬರಿಂದ ಎರಡು ಕಡತಗಳನ್ನು ನಾನು ಹೇಳಿದಂತೆ ತರಿಸಿ, ಅವನ್ನು ಮುಚ್ಚಿ ಮೇಜಿನ ಮೇಲಿಡಲು ಹೇಳಿ, ಆ ಮಕ್ಕಳ ಬಗ್ಗೆ ಮಾತನಾಡಲು ಹೇಳುತ್ತೇನೆ. ಮನೆಗೆ ಹೋಗಿ ಬಂದವರು ಐದು ನಿಮಿಷ ನಿಲ್ಲಿಸದೆ ಹೇಳುತ್ತಾರೆ, ಹೋಗದವರು ಮೂರನೇ ವಾಕ್ಯಕ್ಕೆ ಕಡತದ ಕಡೆ ಕೈಚಾಚುತ್ತಾರೆ. ಯಾರನ್ನೂ ಗದರಿಸುವ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ, ಅದಕ್ಕೆ ಅಡುಗೆಮನೆಯೊಳಗೆ ಕಾಲಿಟ್ಟವರು ಮಾತ್ರ ಉತ್ತರಿಸಬಲ್ಲರು. ಆ ಪ್ರಶ್ನೆಯನ್ನು ಆಗಾಗ ಬದಲಾಯಿಸುತ್ತಿರಬೇಕು ಎಂದಷ್ಟೇ ಹೇಳಬಲ್ಲೆ.

ವಾಪಸಾದ ಹಣದ ಪಟ್ಟಿಯನ್ನು ಮೊದಲು ಕೈಗೆತ್ತಿಕೊಂಡಿದ್ದರಿಂದ ಬಹಳ ಲಾಭವಾಯಿತು, ಹೊಸ ಅರ್ಜಿಗಳು ಕಾದರೂ ಪರವಾಗಿಲ್ಲ. ಒಂದು ಕಡತವನ್ನು ಉದಾಹರಣೆಗೆ ಹೇಳುತ್ತೇನೆ. ಆಧಾರ್‌ನಲ್ಲಿ ಹುಡುಗಿಯ ಹೆಸರಿನ ಹಿಂದೆ ತಂದೆಯ ಇನಿಷಿಯಲ್ ಇಲ್ಲ, ಶಾಲಾ ದಾಖಲೆಯಲ್ಲಿ ಹೆಸರಿನ ಮುಂದೆ ಊರು ಮತ್ತು ತಂದೆಯ ಎರಡು ಅಕ್ಷರಗಳಿವೆ, ಪಾಸ್‌ಬುಕ್‌ನಲ್ಲಿ ತಾಯಿಯ ಹೆಸರು ಮಾತ್ರ ಪೂರ್ತಿಯಾಗಿದ್ದು ಮಗಳ ಹೆಸರು ಅರ್ಧಕ್ಕೆ ನಿಂತಿದೆ. ಮೂರು ಬಾರಿ ಹಣ ಕಳುಹಿಸಿ ಮೂರು ಬಾರಿಯೂ ಮರಳಿ ಬಂದಿತ್ತು, ಪ್ರತಿ ಸಲವೂ ಆಪರೇಟರ್ ಅದೇ ವಿವರವನ್ನು ಮತ್ತೆ ತುಂಬಿದ್ದರು, ಏಕೆಂದರೆ ಅವರ ಮುಂದೆ ಇದ್ದ ಕಾಗದದಲ್ಲಿ ಹಾಗೆಯೇ ಇತ್ತು. ಹೊಣೆ ಹೊತ್ತ ಔಟ್‌ರೀಚ್ ವರ್ಕರ್ ತಾಯಿಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದಾಗ ಇನ್ನೊಂದು ಸಂಗತಿ ತಿಳಿಯಿತು: ಎರಡು ವರ್ಷಕ್ಕೂ ಹೆಚ್ಚು ಕಾಲ ವ್ಯವಹಾರವಿಲ್ಲದೆ ಖಾತೆಯೇ ನಿಷ್ಕ್ರಿಯವಾಗಿತ್ತು. ಹೆಸರನ್ನು ಹತ್ತು ಸಲ ತಿದ್ದಿದ್ದರೂ ಹಣ ನಿಲ್ಲುತ್ತಿರಲಿಲ್ಲ. ಕೆವೈಸಿ ಕೊಟ್ಟು, ನೂರು ರೂಪಾಯಿ ಜಮಾ ಮಾಡಿಸಿ, ಹೆಸರನ್ನು ಆಧಾರ್‌ನಂತೆ ಬರೆಸಿದ ಮೇಲೆ ಬಾಕಿ ಕಂತುಗಳು ಒಟ್ಟಿಗೆ ಬಂದವು. ವಾಪಸಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎರಡೇ ಕಾರಣಗಳಿಂದ, ಉಳಿದವು ಆಧಾರ್ ಜೋಡಣೆ ಬೇರೆ ಖಾತೆಗೆ ಆಗಿದ್ದರಿಂದ. ಈಗ ಹೊಸ ಕಡತ ಸಮಿತಿಗೆ ಹೋಗುವ ಮೊದಲೇ ಖಾತೆಯಲ್ಲಿ ಇತ್ತೀಚಿನ ಒಂದು ವ್ಯವಹಾರದ ನಮೂದು ಇರಲೇಬೇಕೆಂದು ನಿಯಮ ಮಾಡಿದ್ದೇವೆ. ಬ್ಯಾಂಕಿಗೆ ಒಬ್ಬೊಬ್ಬರನ್ನೇ ಕಳುಹಿಸಬಾರದು. ವ್ಯವಸ್ಥಾಪಕರಿಗೆ ಮೊದಲೇ ಹೇಳಿ, ಹತ್ತು ಹನ್ನೆರಡು ತಾಯಂದಿರನ್ನು ಒಂದೇ ಮಧ್ಯಾಹ್ನ ಕರೆದುಕೊಂಡು ಹೋದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ.

ಆದಾಯ ಪ್ರಮಾಣಪತ್ರದ ತೊಡಕು ಎಲ್ಲರಿಗೂ ಗೊತ್ತಿರುವುದೇ. ಕುಟುಂಬದ ವಾರ್ಷಿಕ ಆದಾಯಕ್ಕೆ ಗ್ರಾಮೀಣ ಪ್ರದೇಶದಲ್ಲಿ 72,000, ಉಳಿದೆಡೆ 96,000 ರೂಪಾಯಿ ಮಿತಿ ಇರುವಾಗ, ತೀರಿಕೊಂಡ ತಂದೆಯ ಕಾಲದ ಹಳೆಯ ಪ್ರಮಾಣಪತ್ರವನ್ನೇ ಲಗತ್ತಿಸಿ ಅನರ್ಹವೆಂದು ಬದಿಗಿಟ್ಟ ಕಡತಗಳು ನಮ್ಮ ಕಪಾಟಿನಲ್ಲಿ ಸುಮಾರು ಮೂವತ್ತು ಇದ್ದವು. ತಾಯಿಯ ಹೆಸರಿನಲ್ಲಿ ಹೊಸದಾಗಿ ಮಾಡಿಸಿದಾಗ ಬಹುಪಾಲು ಅರ್ಹವಾದವು.

ಪ್ರಯಾಣದ ಖರ್ಚು ಇಲ್ಲಿ ಪ್ರಸ್ತಾಪಿಸಲೇಬೇಕಾದ ವಿಷಯ. ಭತ್ಯೆಯ ಬಿಲ್ಲು ಪಾಸಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಸಿಬ್ಬಂದಿ ಕೈಯಿಂದ ಹಾಕಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮಹಿಳಾ ಸಿಬ್ಬಂದಿಯ ಬಸ್ಸಿನ ಖರ್ಚು ಇಲ್ಲವಾಗಿ, ಬಸ್ ನಿಲ್ದಾಣದಿಂದ ಒಳಗಿನ ಹಳ್ಳಿಗೆ ಹೋಗುವ ಆಟೋದ ಖರ್ಚು ಮಾತ್ರ ಉಳಿಯಿತು. ಆದ್ದರಿಂದ ದೂರದ ತಾಲ್ಲೂಕುಗಳನ್ನು ಮಹಿಳೆಯರಿಗೂ, ಬೈಕಿನಲ್ಲಿ ಹೋಗಬಹುದಾದ ಹತ್ತಿರದ ತಾಲ್ಲೂಕುಗಳನ್ನು ಪುರುಷರಿಗೂ ಹಂಚಿದೆ. ಇದು ತಲೆಕೆಳಗಾದ ಹಂಚಿಕೆ ಎಂದು ಕಚೇರಿಯಲ್ಲಿ ಗೊಣಗಾಟವಿತ್ತು, ಆದರೆ ತಿಂಗಳ ಕೊನೆಗೆ ಲೆಕ್ಕ ಹಾಕಿದಾಗ ಒಬ್ಬೊಬ್ಬರ ಕೈಯಿಂದ ಹೋಗುವ ಹಣ ಸಾವಿರದೈನೂರರ ಆಸುಪಾಸಿನಿಂದ ಐನೂರು ಆರುನೂರಕ್ಕೆ ಇಳಿದಿತ್ತು.

ನಡುವೆ ಮಾಡಿದ ಒಂದೆರಡು ಪ್ರಯೋಗಗಳನ್ನೂ ಹೇಳಬೇಕು. ಮಂಜೂರಾದ ಕುಟುಂಬಗಳಿಗೆ ಅಂಚೆ ಕಾರ್ಡಿನಲ್ಲಿ "ಈ ತಿಂಗಳು ಇಷ್ಟು ಹಣ ಕಳುಹಿಸಿದೆ, ಯಾರಿಗೂ ಏನೂ ಕೊಡಬೇಕಾಗಿಲ್ಲ" ಎಂದು ಬರೆಯುವ ಆಲೋಚನೆ ಇತ್ತು. ಐವತ್ತು ಪೈಸೆಯ ಕಾರ್ಡು, ಮುನ್ನೂರು ಕುಟುಂಬಕ್ಕೆ ನೂರೈವತ್ತು ರೂಪಾಯಿ. ನಮ್ಮ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ ಅದನ್ನು ಕೂಡಲೇ ತಡೆದರು. ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಂ ಮಗುವಿನ ಗುರುತನ್ನು ಬಹಿರಂಗಪಡಿಸಬಾರದೆಂದು ಹೇಳುವಾಗ, ಅಂಚೆಯವನಿಂದ ಹಿಡಿದು ಓಣಿಯವರೆಲ್ಲ ಓದುವ ಕಾರ್ಡಿನಲ್ಲಿ ಬರೆಯುವುದು ಹೇಗೆ ಎಂಬುದು ಅವರ ವಾದ. ಎರಡೂವರೆ ರೂಪಾಯಿಯ ಅಂತರ್ದೇಶಿ ಪತ್ರಕ್ಕೆ ಬದಲಾಯಿಸಿದೆವು, ಖರ್ಚು ಐದು ಪಟ್ಟಾಯಿತು, ಆದರೂ ಏಳುನೂರು ಎಂಟುನೂರು ರೂಪಾಯಿ ದೊಡ್ಡದೇನಲ್ಲ. ಆ ಪತ್ರ ಹಿಡಿದು ಕಚೇರಿಗೆ ಬಂದ ಅಜ್ಜಿಯೊಬ್ಬರು "ನಮ್ಮೂರಿನ ಹುಡುಗ ಅರ್ಜಿ ಹಾಕಿಸಿದ್ದಕ್ಕೆ ಎರಡು ಸಾವಿರ ತಗೊಂಡಿದಾನೆ ಅಕ್ಕಾ, ಕೊಡಬಾರದಿತ್ತಾ?" ಎಂದು ಕೇಳಿದಾಗ ಮಧ್ಯವರ್ತಿಗಳ ಸುಳಿವು ಸಿಕ್ಕಿತು. ಸಿಬ್ಬಂದಿಯ ತಾಲ್ಲೂಕುಗಳನ್ನು ಮೂರು ತಿಂಗಳಿಗೊಮ್ಮೆ ಅದಲುಬದಲು ಮಾಡುವ ಇನ್ನೊಂದು ಪ್ರಯೋಗವನ್ನು ಮಾತ್ರ ಒಂದೇ ಸುತ್ತಿಗೆ ನಿಲ್ಲಿಸಬೇಕಾಯಿತು. ಬಿಟ್ಟುಹೋಗುವವರು ಕಷ್ಟದ ಕಡತಗಳನ್ನು ಬರುವವರಿಗೆ ಉಳಿಸುತ್ತಾರೆ, ಬಂದವರು ಅವು ಹಿಂದಿನವರ ಕಾಲದ್ದೆಂದು ಮುಟ್ಟುವುದಿಲ್ಲ.

ಮೇಲ್ವಿಚಾರಣೆಯ ಪದ್ಧತಿ ಎಷ್ಟೇ ಚೆನ್ನಾಗಿದ್ದರೂ, ವೇತನ ನಿಂತ ತಿಂಗಳು ಅದು ಅರ್ಧ ವೇಗದಲ್ಲಿ ನಡೆಯುತ್ತದೆ. ಅನುದಾನ ಕಂತಿನಲ್ಲಿ ಬರುವಾಗ ಮಕ್ಕಳ ಹಣ ಮೊದಲೋ ಸಿಬ್ಬಂದಿಯ ವೇತನ ಮೊದಲೋ ಎಂಬ ಚರ್ಚೆ ಪ್ರತಿ ಬಾರಿಯೂ ಏಳುತ್ತದೆ. ಅನುದಾನ ಯಾವಾಗ ಎಷ್ಟು ಬಂತು, ಅದರಲ್ಲಿ ವೇತನಕ್ಕೆ ಎಷ್ಟು ಎಂಬ ಕಾಗದವನ್ನು ಬಂದ ದಿನವೇ ಎಲ್ಲರ ಮುಂದೆ ಇಡಲು ಆರಂಭಿಸಿದೆ. ಹಣ ಹೆಚ್ಚಾಗಲಿಲ್ಲ, ಆದರೆ "ಮೇಡಂ ಕೈಯಲ್ಲಿ ಇಟ್ಟುಕೊಂಡಿದ್ದಾರೆ" ಎಂಬ ಗುಸುಗುಸು ನಿಂತಿತು, ಕಡತ ಓದುವ ಸಭೆಗೆ ತಡವಾಗಿ ಬರುವವರೂ ಕಡಿಮೆಯಾದರು.

ಈಗ ಉಳಿದಿರುವ ದೊಡ್ಡ ಕೆಲಸ 18 ವರ್ಷ ತುಂಬಿ ನೆರವು ನಿಲ್ಲಲಿರುವವರ ಪಟ್ಟಿ. ಹುಟ್ಟಿದ ದಿನಾಂಕ ಶಾಲೆಯಲ್ಲೊಂದು, ಆಧಾರ್‌ನಲ್ಲೊಂದು ಇದ್ದರೆ, ಒಂದು ಕಂತು ಹೆಚ್ಚಾಗಿ ಹೋದರೂ ಆಡಿಟ್ ಆಕ್ಷೇಪಣೆ ಬರುತ್ತದೆ, ಖರ್ಚಾಗಿ ಹೋದ ನಾಲ್ಕು ಸಾವಿರವನ್ನು ಆ ಕುಟುಂಬದಿಂದ ಹಿಂದಕ್ಕೆ ಕೇಳುವುದು ಯಾರಿಗೂ ಆಗದ ಮಾತು. ಆರು ತಿಂಗಳು ಮೊದಲೇ ಆ ಮಕ್ಕಳ ಕಡತಗಳಿಗೆ ಕೆಂಪು ಟೇಪು ಹಚ್ಚಿ, ಹೊಣೆ ಹೊತ್ತವರು ಕಾಲೇಜು ಪ್ರವೇಶ, ವಿದ್ಯಾರ್ಥಿವೇತನ, ಹಾಸ್ಟೆಲ್ ಅರ್ಜಿಗಳನ್ನು ಅಷ್ಟರೊಳಗೆ ಮಾಡಿಸಬೇಕೆಂದು ಹೇಳಿದ್ದೇನೆ. ಈ ವರ್ಷ ಅಂತಹ ಕಡತಗಳು ನಲವತ್ತರಷ್ಟಿವೆ, ಇಪ್ಪತ್ತೈದಕ್ಕೆ ಹಾಸ್ಟೆಲ್ ಅರ್ಜಿ ಹೋಗಿದೆ.